ಉಂಡ ಮನೆಯ ಜಂತೆ ಎಣಿಸುವವನು

ಮೊನ್ನೆ ಶನಿವಾರ ನಮ್ಮ ಓದುವ ಗುಂಪಿನಲ್ಲಿ ಒಂದು ಕಾದಂಬರಿ ಬಗ್ಗೆ ಜೋರು ವಾದ ನಡೆಯಿತು. ಮನೆಗೆ ಬಂದ ಮೇಲೂ ಅದು ತಲೆಯಿಂದ ಹೋಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ, ಬಿಡುವಾದಾಗ ಓದಿ. ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ, ಹಾಗಾಗಿ ಪುಸ್ತಕ ಓದಬೇಕು ಅಂತಿರುವವರು ಮೊದಲು ಅದನ್ನು ಓದಿ ಬನ್ನಿ.

ಪುಸ್ತಕ ‘ದಿ ಸಿಂಪಥೈಜರ್’. ಬರೆದವರು ವಿಯೆತ್ ಥಾನ್ ನುಯೆನ್. 2015ರಲ್ಲಿ ಪ್ರಕಟವಾಯಿತು, 2016ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಅದಕ್ಕೆ ಮೊದಲು 14 ಪ್ರಕಾಶಕರಲ್ಲಿ 13 ಮಂದಿ ಬೇಡ ಅಂದಿದ್ದರು ಅಂತ ಲೇಖಕರೇ ಹೇಳಿದ್ದಾರೆ. 2024ರಲ್ಲಿ ಎಚ್‌ಬಿಒ ಇದನ್ನು ಸರಣಿ ಮಾಡಿತು. ನಮ್ಮ ಗುಂಪಿನಲ್ಲಿ ಅರ್ಧ ಜನ ಸರಣಿ ನೋಡಿದ ಮೇಲೆ ಪುಸ್ತಕ ಕೈಗೆತ್ತಿಕೊಂಡವರು.

ಕಥೆ ಶುರುವಾಗುವುದು 1975ರ ಏಪ್ರಿಲ್‌ನಲ್ಲಿ. ಅಮೆರಿಕದ ಬೆಂಬಲವಿದ್ದ ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಇನ್ನೇನು ಉತ್ತರದ ಕಮ್ಯುನಿಸ್ಟರ ಕೈಗೆ ಬೀಳುತ್ತದೆ. ದಕ್ಷಿಣ ವಿಯೆಟ್ನಾಂನ ಪೊಲೀಸ್ ಪಡೆಯ ಜನರಲ್ ಒಬ್ಬ ಓಡಿಹೋಗಲು ಸಿದ್ಧನಾಗಿದ್ದಾನೆ. ವಿಮಾನದಲ್ಲಿ ಯಾರಿಗೆ ಜಾಗ, ಯಾರಿಗೆ ಇಲ್ಲ ಅಂತ ಪಟ್ಟಿ ಮಾಡುವವನು ಅವನ ಬಲಗೈ ಬಂಟ, ಒಬ್ಬ ಕ್ಯಾಪ್ಟನ್. ಅವನೇ ಕಥೆ ಹೇಳುವವನು. ಅವನಿಗೆ ಹೆಸರಿಲ್ಲ. ಅಪ್ಪ ಫ್ರೆಂಚ್ ಪಾದ್ರಿ, ಅಮ್ಮ ವಿಯೆಟ್ನಾಮಿ ಹುಡುಗಿ. ಹುಟ್ಟಿನಿಂದಲೇ ಊರವರ ಬಾಯಲ್ಲಿ ಬೈಗುಳ ಕೇಳಿ ಬೆಳೆದವನು. ಈ ಕ್ಯಾಪ್ಟನ್ ನಿಜದಲ್ಲಿ ಉತ್ತರದ ಕಮ್ಯುನಿಸ್ಟರ ಗೂಢಚಾರ. ಅಮೆರಿಕಕ್ಕೆ ಹೋಗಿ ಅಲ್ಲಿಂದಲೂ ಜನರಲ್ ಮೇಲೆ ಕಣ್ಣಿಡು ಅಂತ ಅವನಿಗೆ ಆದೇಶ ಬರುತ್ತದೆ. ಹಾಗೆ ಅವನು ನಿರಾಶ್ರಿತನಾಗುತ್ತಾನೆ. ಗುವಾಮ್ ದ್ವೀಪ, ಆಮೇಲೆ ಕ್ಯಾಲಿಫೋರ್ನಿಯಾದ ಸೇನಾ ನೆಲೆ ಕ್ಯಾಂಪ್ ಪೆಂಡಲ್‌ಟನ್, ಆಮೇಲೆ ಲಾಸ್ ಏಂಜಲೀಸ್.

ನಾವು ಎಂಟು ಜನ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸುತ್ತಮುತ್ತ ಇರುವ ಕನ್ನಡದವರು. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಚಿತ್ರಾನ್ನ ಇರುತ್ತದೆ, ಪುಸ್ತಕ ಇರುತ್ತದೆ, ಸಾಮಾನ್ಯವಾಗಿ ಹನ್ನೊಂದರ ಒಳಗೆ ಎದ್ದು ಹೋಗುತ್ತೇವೆ. ಈ ಸಲ ಒಂದು ಗಂಟೆಯಾದರೂ ಯಾರೂ ಏಳಲಿಲ್ಲ.

ಮೊದಲು ಬಂದದ್ದು ಎಲ್ಲರೂ ಹೇಳುವ ದೂರು. ಥ್ರಿಲ್ಲರ್ ಅಂತ ಓದಿಸಿದಿರಿ, ವಿಮಾನ ಹತ್ತುವವರೆಗೆ ಉಸಿರು ಬಿಗಿಹಿಡಿದು ಓದಿದೆ, ಆಮೇಲೆ ಕಥೆ ತೆವಳುತ್ತದೆ ಅಂತ ಒಬ್ಬರು. ಮಾತಿಗೆ ಉದ್ಧರಣ ಚಿಹ್ನೆ ಇಲ್ಲ, ಯಾರು ಮಾತಾಡುತ್ತಿದ್ದಾರೆ ಅಂತಲೇ ತಿಳಿಯಲ್ಲ ಅಂತ ಇನ್ನೊಬ್ಬರು. ಫಿಲಿಪ್ಪೀನ್ಸ್‌ನಲ್ಲಿ ಸಿನಿಮಾ ಶೂಟಿಂಗ್ ನಡೆಯುವ ಭಾಗ ಜಾಸ್ತಿಯಾಯಿತು ಅಂತ ಮೂರು ಜನ. ಇವೆಲ್ಲ ಸರಿ. ಸಿನಿಮಾ ಭಾಗ ಉದ್ದವಾಯಿತು ಅಂತ ನನಗೂ ಅನ್ನಿಸಿತ್ತು. ಆದರೆ ಉದ್ಧರಣ ಚಿಹ್ನೆಯ ಮಾತು ಒಪ್ಪಲಾರೆ. ಇಡೀ ಪುಸ್ತಕ ಒಂದು ತಪ್ಪೊಪ್ಪಿಗೆ. ಅವನು ಸೆರೆಯ ಕೋಣೆಯಲ್ಲಿ ಕೂತು ಬರೆಯುತ್ತಿದ್ದಾನೆ. ಬರೆಸುತ್ತಿರುವವರು ಅವನದೇ ಪಕ್ಷದವರು. ಸತ್ತವರ ಮಾತು, ಬದುಕಿದವರ ಮಾತು, ಎಲ್ಲವೂ ಅವನೊಬ್ಬನ ಗಂಟಲಿನಿಂದ ಬರಬೇಕು. ಅಲ್ಲಿ ಚಿಹ್ನೆ ಹಾಕಿ ಇದು ಅವರದು, ಇದು ನನ್ನದು ಅಂತ ಬೇರೆ ಮಾಡುವ ಸ್ಥಿತಿಯಲ್ಲಿ ಅವನಿಲ್ಲ.

ವಾದ ಬಿಸಿಯಾದದ್ದು ಆಮೇಲೆ. ನಮ್ಮಲ್ಲಿ ವಯಸ್ಸಿನಲ್ಲಿ ಹಿರಿಯರಾದವರೊಬ್ಬರು ಪುಸ್ತಕವನ್ನು ಟೀಪಾಯಿ ಮೇಲೆ ಇಟ್ಟು ಹೇಳಿದರು: “ಇವನನ್ನ ಇಷ್ಟಪಡೋಕೆ ನನ್ನ ಕೈಲಾಗಲ್ಲ. ಅನ್ನ ಕೊಟ್ಟ ದೇಶವನ್ನೇ ಬೈತಾನೆ, ಅನ್ನ ಕೊಟ್ಟ ಜನರಲ್‌ಗೇ ದ್ರೋಹ ಮಾಡ್ತಾನೆ. ಉಂಡ ಮನೆ ಜಂತೆ ಎಣಿಸೋ ಜನ ಅಂತಾರಲ್ಲ, ಹಾಗೆ.” ಅರ್ಧ ಜನ ತಲೆಯಾಡಿಸಿದರು.

ಇದೇ ಮಾತನ್ನು ಒಂದು ವಾರದ ಹಿಂದೆ ನಾನು ಆಫೀಸಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದ್ದೆ. ನನ್ನ ಸಹೋದ್ಯೋಗಿಯ ಅಪ್ಪ ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದವರು. ಪುಸ್ತಕ ಚೆನ್ನಾಗಿದೆ, ಆದರೆ ಇಷ್ಟೊಂದು ಸಿಟ್ಟು ಯಾಕೆ, ನಾವು ಅವರನ್ನು ಕರೆದು ಇಟ್ಟುಕೊಂಡೆವಲ್ಲ, ಒಂದು ಥ್ಯಾಂಕ್ಸ್ ಬೇಡವಾ ಅಂತ ಆ ಸಹೋದ್ಯೋಗಿಯ ಪ್ರಶ್ನೆ. ಒಳ್ಳೆಯ ಮನುಷ್ಯ, ಕೇಡು ಬಯಸಿ ಹೇಳಿದ್ದಲ್ಲ. ನಮ್ಮ ಹಿರಿಯರೂ ಒಳ್ಳೆಯವರೇ. ಇಬ್ಬರು ಒಳ್ಳೆಯವರು ಒಂದೇ ಮಾತು ಹೇಳಿದ್ದರಿಂದಲೇ ನನಗೆ ನಿದ್ದೆ ಬರಲಿಲ್ಲ.

ಉಂಡ ಮನೆಗೆ ಎರಡು ಬಗೆಯಬಾರದು ಅಂತ ನಾವು ಚಿಕ್ಕಂದಿನಿಂದ ಕೇಳಿ ಬೆಳೆದಿದ್ದೇವೆ. ಎರಡು ಬಗೆಯುವುದು ಅಂದರೆ ನಮ್ಮಲ್ಲಿ ದ್ರೋಹ. ಆದರೆ ಪದವನ್ನು ಬಿಡಿಸಿ ನೋಡಿ. ಬಗೆ ಅಂದರೆ ಯೋಚಿಸು. ಎರಡು ರೀತಿ ಯೋಚಿಸುವುದನ್ನೇ ನಮ್ಮ ಭಾಷೆ ದ್ರೋಹ ಅಂದುಬಿಟ್ಟಿದೆ! ಈ ಕ್ಯಾಪ್ಟನ್ ಮೊದಲ ಪುಟದಲ್ಲೇ ಹೇಳಿಕೊಳ್ಳುವುದೂ ಅದನ್ನೇ. ನನಗೆ ಎರಡು ಮನಸ್ಸು, ಯಾವ ವಿಷಯವನ್ನಾದರೂ ಎರಡೂ ಕಡೆಯಿಂದ ನೋಡಬಲ್ಲೆ ಅಂತ. ಅದೇ ಅವನ ಶಕ್ತಿ, ಅದೇ ಅವನ ಪಾಪ. ಜನರಲ್‌ನ ಜೊತೆ ಕೂತಾಗ ಜನರಲ್‌ನ ನೋವು ಅವನಿಗೆ ನಿಜವಾಗಿಯೂ ಅರ್ಥವಾಗುತ್ತದೆ. ಕ್ರಾಂತಿಯ ಗೆಳೆಯರ ಕನಸೂ ಅವನಿಗೆ ನಿಜವೇ. ಸುಮ್ನೆ ನಟಿಸುವವನಾಗಿದ್ದರೆ ಅವನಿಗೆ ಕಷ್ಟವೇ ಇರುತ್ತಿರಲಿಲ್ಲ.

ಇನ್ನು ಮನೆಯ ವಿಷಯ. ಆ ಮನೆ ಅವರನ್ನು ಹೇಗೆ ಬರಮಾಡಿಕೊಂಡಿತು? 1975ರಲ್ಲಿ ಸುಮಾರು 1 ಲಕ್ಷ 30 ಸಾವಿರ ಜನ ವಿಯೆಟ್ನಾಂ ಮತ್ತು ಅದರ ನೆರೆಯ ದೇಶಗಳಿಂದ ಇಲ್ಲಿಗೆ ಬಂದರು. ಆ ಮೇ ತಿಂಗಳಲ್ಲಿ ನಡೆದ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 54 ಅಮೆರಿಕನ್ನರು ಇವರು ಬರುವುದು ಬೇಡ ಅಂದಿದ್ದರು. ಬೇಕು ಅಂದವರು ಶೇ 36. ಕರೆದು ಇಟ್ಟುಕೊಂಡೆವು ಅನ್ನುವುದು ಆಮೇಲೆ ಕಟ್ಟಿಕೊಂಡ ನೆನಪು. ಅದಕ್ಕೂ ಹಿಂದಿನ ಮಾತು ಇನ್ನೂ ದೊಡ್ಡದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಹಾಕಿದ್ದಕ್ಕಿಂತ ಜಾಸ್ತಿ ಬಾಂಬುಗಳನ್ನು ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ ಮೇಲೆ ಹಾಕಿದೆ. ನಿಮ್ಮ ಮನೆ ಸುಡುವುದರಲ್ಲಿ ಕೈ ಇದ್ದವನು ತನ್ನ ಮನೆಯ ಜಗಲಿಯಲ್ಲಿ ಜಾಗ ಕೊಟ್ಟರೆ, ನೀವು ರಾತ್ರಿ ಮಲಗಿ ಮೇಲೆ ನೋಡುತ್ತೀರಿ. ಜಂತೆ ಕಾಣುತ್ತದೆ. ಎಣಿಸಬೇಡ ಅಂದರೆ ಹೇಗೆ?

ಲೇಖಕರ ಬದುಕು ಗೊತ್ತಾದ ಮೇಲೆ ನನಗೆ ಈ ಪ್ರಶ್ನೆ ಇನ್ನೂ ಹತ್ತಿರವಾಯಿತು. ಅವರು ಹುಟ್ಟಿದ್ದು 1971ರಲ್ಲಿ, ವಿಯೆಟ್ನಾಂನ ಬುವಾನ್ ಮಾ ಥುವಾಟ್‌ನಲ್ಲಿ. ನಾಲ್ಕು ವರ್ಷಕ್ಕೆ ನಿರಾಶ್ರಿತರಾದರು. ಅಪ್ಪ ಅಮ್ಮ ದತ್ತು ತೆಗೆದುಕೊಂಡಿದ್ದ ಅಕ್ಕ ಅಲ್ಲೇ ಉಳಿದುಹೋದಳು. ಇಲ್ಲಿ ಪೆನ್ಸಿಲ್ವೇನಿಯಾದ ಸೇನಾ ಶಿಬಿರದಿಂದ ಹೊರಗೆ ಹೋಗಬೇಕಾದರೆ ಒಬ್ಬ ಅಮೆರಿಕನ್ ಪ್ರಾಯೋಜಕ ಬೇಕಿತ್ತು. ಇಡೀ ಕುಟುಂಬವನ್ನು ತೆಗೆದುಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಅಪ್ಪ ಅಮ್ಮ ಒಂದು ಕಡೆ, ಅಣ್ಣ ಒಂದು ಕಡೆ, ನಾಲ್ಕು ವರ್ಷದ ಮಗು ಇನ್ನೊಂದು ಕಡೆ. ಅದು ಉಪಕಾರವೇ, ಇಲ್ಲ ಅನ್ನಲ್ಲ. ಆದರೆ ಆ ಮಗುವಿಗೆ ಅದು ಏನಾಗಿ ನೆನಪಿರುತ್ತದೆ?

ಆಮೇಲೆ ಅವರು ಬಂದದ್ದು ನಮ್ಮೂರಿಗೇ, ಸ್ಯಾನ್ ಹೋಸೆಗೆ. ಅಪ್ಪ ಅಮ್ಮ ಡೌನ್‌ಟೌನ್‌ನಲ್ಲಿ ಕಿರಾಣಿ ಅಂಗಡಿ ತೆಗೆದರು. ಹೆಸರು ‘ಹೊಸ ಸೈಗಾನ್’ ಅಂತ ಅವರ ಭಾಷೆಯಲ್ಲಿ. ಒಂದು ಕ್ರಿಸ್‌ಮಸ್‌ನ ಹಿಂದಿನ ದಿನ ಅಂಗಡಿಯಲ್ಲೇ ಅವರಿಬ್ಬರಿಗೆ ಗುಂಡು ತಗುಲಿತು. ಬದುಕಿ ಉಳಿದರು, ಮತ್ತೆ ಅಂಗಡಿ ತೆರೆದರು. ಅದೇ ರಸ್ತೆಯ ಇನ್ನೊಂದು ಅಂಗಡಿಯ ಕಿಟಕಿಯಲ್ಲಿ, ವಿಯೆಟ್ನಾಮಿಗಳಿಂದಾಗಿ ಇನ್ನೊಬ್ಬ ಅಮೆರಿಕನ್ನನ ವ್ಯಾಪಾರ ಹಾಳಾಯಿತು ಅನ್ನುವ ಬೋರ್ಡ್ ಇತ್ತಂತೆ. ಹುಡುಗ ಅದನ್ನು ಓದಿಕೊಂಡು ಬೆಳೆದ. ನಾನು ಆ ರಸ್ತೆಯಲ್ಲಿ ಎಷ್ಟು ಸಲ ಕಾರು ನಿಲ್ಲಿಸಿದ್ದೇನೋ. ವಿಯೆಟ್ನಾಂ ಹೊರಗೆ ಅತಿ ಹೆಚ್ಚು ವಿಯೆಟ್ನಾಮಿಗಳು ಇರುವ ನಗರ ಇದೇ ಅಂತಾರೆ. 14 ವರ್ಷ ಇಲ್ಲಿದ್ದು, ಅವರ ಫೋ ಸೂಪು ಕುಡಿದು, ಅವರ ಅಂಗಡಿಯಲ್ಲಿ ಕರಿಬೇವು, ನುಗ್ಗೆಕಾಯಿ ತಂದು, ಅವರು ಯಾಕೆ ಇಲ್ಲಿದ್ದಾರೆ ಅಂತ ಈ ಪುಸ್ತಕ ಓದುವವರೆಗೆ ನಾನು ಕೇಳಿಕೊಂಡಿರಲಿಲ್ಲ.

ನಾವು ಬೇರೆ ರೀತಿ ಬಂದವರು ಅನ್ನುವುದನ್ನೂ ಇಲ್ಲಿ ಹೇಳಬೇಕು. ನಮ್ಮದು ವೀಸಾ, ಸೂಟ್‌ಕೇಸು, ಏರ್‌ಪೋರ್ಟಿನಲ್ಲಿ ಅಮ್ಮ ಕೊಟ್ಟ ಚಟ್ನಿಪುಡಿ. ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುತ್ತೇವೆ. ನುಯೆನ್ ತನ್ನನ್ನು ವಲಸಿಗ ಅಂತ ಕರೆದರೆ ತಿದ್ದುತ್ತಾರೆ, ನಾನು ನಿರಾಶ್ರಿತ ಅನ್ನುತ್ತಾರೆ. ವಲಸಿಗನ ಕಥೆ ಕೇಳಲು ಎಲ್ಲರಿಗೂ ಇಷ್ಟ. ಕಷ್ಟಪಟ್ಟ, ಓದಿದ, ಮನೆ ಕೊಂಡ. ನಿರಾಶ್ರಿತನ ಕಥೆಯ ಹಿಂದೆ ಒಂದು ಯುದ್ಧ ಇರುತ್ತದೆ, ಆ ಯುದ್ಧದಲ್ಲಿ ಕೇಳುವವನ ಪಾಲೂ ಇರುತ್ತದೆ.

ಪುಸ್ತಕದಲ್ಲಿ ಆ ಯುದ್ಧ 1975ಕ್ಕೆ ಮುಗಿಯುವುದಿಲ್ಲ. ಜನರಲ್ ಲಾಸ್ ಏಂಜಲೀಸ್‌ನಲ್ಲಿ ಮದ್ಯದಂಗಡಿ ಇಟ್ಟು, ಹಿಂದಿನಿಂದ ದುಡ್ಡು ಕೂಡಿಸಿ, ಮತ್ತೆ ದೇಶ ಗೆಲ್ಲಲು ಗುಟ್ಟಿನ ಸೇನೆ ಕಟ್ಟುತ್ತಾನೆ. ಅದರ ಬಗ್ಗೆ ಬರೆದ ಪತ್ರಕರ್ತ ಕೊಲೆಯಾಗುತ್ತಾನೆ. ಕೊಲ್ಲುವವನು ನಮ್ಮ ಕ್ಯಾಪ್ಟನ್‌ನೇ. ಇದು ಅತಿಯಾಯಿತು, ಸಿನಿಮಾ ಥರ ಇದೆ ಅಂತ ಗುಂಪಿನಲ್ಲಿ ಇಬ್ಬರು ಹೇಳಿದರು. ಅವರಿಗೆ ನಾನು ಅಲ್ಲೇ ಹೇಳಿದೆ, ಇಲ್ಲೂ ಹೇಳುತ್ತೇನೆ. 1981ರಿಂದ 1990ರ ನಡುವೆ ಅಮೆರಿಕದಲ್ಲಿ ಐದು ಮಂದಿ ವಿಯೆಟ್ನಾಮಿ ಪತ್ರಕರ್ತರ ಕೊಲೆಯಾಯಿತು. ಆ ಕೊಲೆಗಳು ಈವತ್ತಿಗೂ ಬಗೆಹರಿದಿಲ್ಲ. ದಕ್ಷಿಣ ವಿಯೆಟ್ನಾಂ ನೌಕಾಪಡೆಯ ಮಾಜಿ ಅಡ್ಮಿರಲ್ ಹೊವಾಂಗ್ ಕೊ ಮಿನ್ ಇಲ್ಲಿ ಸಂಘಟನೆ ಕಟ್ಟಿ, ದುಡ್ಡು ಕೂಡಿಸಿ, ಥಾಯ್ಲೆಂಡಿನಿಂದ ಲಾವೋಸ್ ಮೂಲಕ ದೇಶದೊಳಗೆ ನುಗ್ಗಲು ಹೋಗಿ 1987ರಲ್ಲಿ ಸತ್ತ. ಲೇಖಕರು ಕಲ್ಪಿಸಿದ್ದಕ್ಕಿಂತ ನಡೆದದ್ದೇನೂ ಕಡಿಮೆ ಇಲ್ಲ.

ಗೂಢಚಾರನೂ ಗಾಳಿಯಿಂದ ಬಂದವನಲ್ಲ. ಫಾಮ್ ಸುವಾನ್ ಆನ್ ಅಂತ ಒಬ್ಬರಿದ್ದರು. ಕ್ಯಾಲಿಫೋರ್ನಿಯಾದ ಕಾಲೇಜಿನಲ್ಲಿ ಓದಿ, ಸೈಗಾನ್‌ನಲ್ಲಿ ಟೈಮ್ ಪತ್ರಿಕೆಯ ವರದಿಗಾರರಾಗಿದ್ದವರು. ಅಮೆರಿಕನ್ ಪತ್ರಕರ್ತರಿಗೆಲ್ಲ ಆಪ್ತ ಗೆಳೆಯ. ಯುದ್ಧದ ಉದ್ದಕ್ಕೂ ಉತ್ತರದ ರಾಜಧಾನಿ ಹನೋಯ್‌ಗೆ ಗುಟ್ಟಾಗಿ ವರದಿ ಕಳಿಸುತ್ತಿದ್ದರು. ಗೆಳೆತನವೂ ಸುಳ್ಳಾಗಿರಲಿಲ್ಲ, ಗೂಢಚರ್ಯೆಯೂ ಸುಳ್ಳಾಗಿರಲಿಲ್ಲ. ಯುದ್ಧ ಗೆದ್ದ ಮೇಲೆ ಅವರಿಗೆ ಪದಕ ಕೊಟ್ಟರು. ಆಮೇಲೆ, ಅಮೆರಿಕನ್ನರ ಜೊತೆ ಜಾಸ್ತಿ ಇದ್ದವನು ಅಂತ ರಾಜಕೀಯ ಪಾಠಕ್ಕೂ ಕಳಿಸಿದರು. ಎರಡು ಬಗೆದವನನ್ನು ಗೆದ್ದ ಮನೆಯೂ ನಂಬಲಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ನಾವು ಕಥೆಗಳಲ್ಲಿ ಕಳ್ಳರನ್ನು ಒಪ್ಪುತ್ತೇವೆ, ಡಾನ್‌ಗಳನ್ನು ಒಪ್ಪುತ್ತೇವೆ, ಹೆಂಡತಿಗೆ ಮೋಸ ಮಾಡುವ ನಾಯಕನನ್ನು ಒಪ್ಪುತ್ತೇವೆ. ನಿರಾಶ್ರಿತ ಮಾತ್ರ ಒಳ್ಳೆಯವನಾಗಿರಬೇಕು. ಅಳಬೇಕು, ಕೈಮುಗಿಯಬೇಕು, ಕೊನೆಯಲ್ಲಿ ಒಂದು ಚಿಕ್ಕ ಅಂಗಡಿ ಇಟ್ಟು ನಗಬೇಕು. ಅವನಿಗೆ ರಾಜಕೀಯ ಇರಬಾರದು, ಸಿಟ್ಟಂತೂ ಇರಲೇಬಾರದು. ಅವನು ಕೊಲೆಗಾರನಾಗಿದ್ದರೆ, ಜೊತೆಗೆ ಬುದ್ಧಿವಂತನೂ ಆಗಿದ್ದು ನಮ್ಮನ್ನೂ ಸೇರಿಸಿ ಗೇಲಿ ಮಾಡಿದರೆ, ಪುಸ್ತಕ ಮುಚ್ಚಿಡುತ್ತೇವೆ. ನನಗೆ ಈ ಪುಸ್ತಕ ಇಷ್ಟವಾದದ್ದೇ ಅವನು ಕೆಟ್ಟವನು ಅಂತ. ತಪ್ಪಿಲ್ಲದ ಒಬ್ಬ ಮೇಜರ್ ಮೇಲೆ ಗೂಢಚಾರ ಅನ್ನುವ ಆರೋಪ ಹೊರಿಸಿ ಅವನ ಸಾವಿಗೆ ಕಾರಣನಾಗುತ್ತಾನೆ. ಸತ್ತವನಿಗೆ ಅವಳಿ ಮಕ್ಕಳು. ಆ ಮೇಜರ್ ಆಮೇಲೆ ದೆವ್ವವಾಗಿ ಬಂದು ಎದುರಿಗೆ ಕೂರುತ್ತಾನೆ. ಆ ಪುಟಗಳನ್ನು ನಾನು ಎರಡು ಸಲ ಓದಿದೆ. ಮನುಷ್ಯನಿಗೆ ಪಾಪ ಮಾಡುವಷ್ಟು ಜಾಗ ಕೊಟ್ಟಾಗಲೇ ಅವನು ಪೂರ್ತಿ ಕಾಣುತ್ತಾನೆ ಅಂತ ನನಗೆ ಅನ್ನಿಸಿತು.

ಪುಸ್ತಕ ಬಂದಾಗ ನ್ಯೂಯಾರ್ಕ್ ಟೈಮ್ಸ್ ವಿಮರ್ಶೆ ದನಿಯಿಲ್ಲದವರಿಗೆ ಇದು ದನಿ ಕೊಟ್ಟಿದೆ ಅಂತ ಹೊಗಳಿತ್ತು. ಆ ಹೊಗಳಿಕೆ ನುಯೆನ್‌ಗೆ ಇಷ್ಟವಿಲ್ಲ. ಅರುಂಧತಿ ರಾಯ್ ಹೇಳಿದ್ದನ್ನು ಅವರು ಆಗಾಗ ನೆನೆಯುತ್ತಾರೆ: ದನಿಯಿಲ್ಲದವರು ಅಂತ ಯಾರೂ ಇಲ್ಲ, ಬೇಕಂತಲೇ ಬಾಯಿ ಮುಚ್ಚಿಸಿದವರು ಇದ್ದಾರೆ, ನಾವು ಕೇಳಿಸಿಕೊಳ್ಳಲು ಬಯಸದವರು ಇದ್ದಾರೆ ಅನ್ನುವ ಅರ್ಥದ ಮಾತು. ಸ್ಯಾನ್ ಹೋಸೆಯಲ್ಲಿ ಇರುವವರಿಗೆ ಇದು ಗೊತ್ತಿರಬೇಕು. 2007-08ರಲ್ಲಿ ಇಲ್ಲಿನ ಒಂದು ಅಂಗಡಿ ಬೀದಿಗೆ ‘ಲಿಟಲ್ ಸೈಗಾನ್’ ಅಂತಲೇ ಹೆಸರಿಡಬೇಕು ಅಂತ ಈ ಜನ ನಗರಸಭೆ ಮುಂದೆ ಸೇರಿದ್ದರು, ಉಪವಾಸ ಕೂತಿದ್ದರು. ದನಿ ಬೇಕಾದಷ್ಟಿತ್ತು.

ಇಷ್ಟಾದರೂ ಒಂದು ಪ್ರತಿಕ್ರಿಯೆಗೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ನೆರೆಮನೆಯ ಅಜ್ಜ. ದಕ್ಷಿಣ ವಿಯೆಟ್ನಾಂ ಸೇನೆಯಲ್ಲಿ ಇದ್ದವರು. ಸೋತ ಮೇಲೆ, ಗೆದ್ದ ಕಮ್ಯುನಿಸ್ಟರು ಸೋತವರನ್ನು ಕೂಡಿಹಾಕಿದ ‘ಮರುಶಿಕ್ಷಣ’ ಶಿಬಿರದಲ್ಲಿ ವರ್ಷಗಟ್ಟಲೆ ಇದ್ದು, ಆಮೇಲೆ ದೋಣಿಯಲ್ಲಿ ತಪ್ಪಿಸಿಕೊಂಡು ಬಂದವರು. ಪ್ರತಿ ಏಪ್ರಿಲ್ 30ಕ್ಕೆ, ಅಂದರೆ ಸೈಗಾನ್ ಬಿದ್ದ ದಿನ, ಮನೆ ಮುಂದೆ ಹಳದಿ ಬಣ್ಣದ, ಮೂರು ಕೆಂಪು ಪಟ್ಟಿಯ ಹಳೆಯ ಬಾವುಟ ಕಟ್ಟುತ್ತಾರೆ. ಪುಸ್ತಕದ ಬಗ್ಗೆ ಖುಷಿಯಿಂದ ಹೇಳಲು ಹೋದೆ. ಅವರು ಕೇಳಿದ್ದು ಒಂದೇ: “ಅಷ್ಟು ಜನ ಸತ್ತರು. ಕಥೆ ಹೇಳೋಕೆ ಅವನಿಗೆ ಒಬ್ಬ ಕಮ್ಯುನಿಸ್ಟ್ ಗೂಢಚಾರನೇ ಬೇಕಿತ್ತಾ?”

ಇದು ನಮ್ಮ ಹಿರಿಯರ ಸಿಟ್ಟಲ್ಲ, ನನ್ನ ಸಹೋದ್ಯೋಗಿಯ ಬೇಸರವೂ ಅಲ್ಲ. 1999ರಲ್ಲಿ ಲಾಸ್ ಏಂಜಲೀಸ್ ಹತ್ತಿರದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಒಬ್ಬ ವಿಡಿಯೊ ಅಂಗಡಿಯವನು ಉತ್ತರ ವಿಯೆಟ್ನಾಂನ ಕಮ್ಯುನಿಸ್ಟ್ ನಾಯಕ ಹೋ ಚಿ ಮಿನ್ ಫೋಟೊ ತೂಗುಹಾಕಿದ್ದಕ್ಕೆ ಸಾವಿರಾರು ಜನ 50ಕ್ಕೂ ಹೆಚ್ಚು ದಿನ ಅಂಗಡಿ ಮುಂದೆ ನಿಂತಿದ್ದರು. ಆ ಗಾಯ ಅಂಥದ್ದು. ಅಜ್ಜನಿಗೆ ನಾನು ಯಾವ ಬಾಯಲ್ಲಿ ಹೇಳಲಿ, ಸಾಹಿತ್ಯದಲ್ಲಿ ಎರಡೂ ಕಡೆ ನೋಡಬೇಕು ಅಂತ? ಒಂದು ಕಡೆಯಲ್ಲಿ ಅವರು ಎಲ್ಲವನ್ನೂ ಕಳೆದುಕೊಂಡಿದ್ದಾರೆ. ಪುಸ್ತಕ ಓದದೆ ಇರುವುದಕ್ಕೆ ಅವರಿಗೆ ಪೂರ್ತಿ ಹಕ್ಕಿದೆ. ಆದರೆ ಏನನ್ನೂ ಕಳೆದುಕೊಳ್ಳದವರು ಆ ಹಕ್ಕನ್ನು ಎರವಲು ತೆಗೆದುಕೊಳ್ಳಬಾರದು. ನಮ್ಮ ಚರ್ಚೆಯಲ್ಲಿ ಒಬ್ಬರು ಅದನ್ನೇ ಮಾಡಿದರು. “ನೋಡಿ, ಅವರ ಜನಕ್ಕೇ ಇಷ್ಟ ಇಲ್ಲ” ಅಂತ. ಅಜ್ಜನ ನೋವನ್ನು ತನ್ನ ವಾದಕ್ಕೆ ಊರುಗೋಲು ಮಾಡಿಕೊಂಡಂತೆ ಕಂಡಿತು. ನನಗೆ ಸಿಟ್ಟು ಬಂತು, ಜೋರಾಗಿಯೇ ಹೇಳಿದೆ.

ಅಂದಮಾತ್ರಕ್ಕೆ ಪುಸ್ತಕದಲ್ಲಿ ಕೊರತೆ ಇಲ್ಲ ಅಂತಲ್ಲ. ಕೊನೆಯ ಭಾಗದಲ್ಲಿ ಅವನು ಗುಟ್ಟಿನ ಸೇನೆಯ ಜೊತೆ ವಾಪಸ್ ಹೋಗಿ ಸಿಕ್ಕಿಬೀಳುತ್ತಾನೆ. ಹಿಂಸೆ ಕೊಟ್ಟು ಅವನಿಂದ ಒಂದು ನೆನಪನ್ನು ಹೊರಗೆ ತೆಗೆಸುತ್ತಾರೆ. ತನ್ನದೇ ಪಕ್ಷದ ಒಬ್ಬ ಹೆಂಗಸಿನ ಮೇಲೆ ಅತ್ಯಾಚಾರ ನಡೆಯುವಾಗ ಅವನು ಅಲ್ಲೇ ಇದ್ದ, ಏನೂ ಮಾಡಲಿಲ್ಲ. ನಮ್ಮ ಗುಂಪಿನ ಇಬ್ಬರು ಹೆಂಗಸರು ಇಲ್ಲಿ ಪುಸ್ತಕ ಕೆಳಗಿಟ್ಟು ಮತ್ತೆ ಎತ್ತಿಕೊಳ್ಳಲಿಲ್ಲ. ಅವರು ಹೇಳಿದ್ದು ಸರಿ ಅನ್ನಿಸಿತು. ಅವನ ಪಾಪ ಅವನಿಗೆ ತಿಳಿಯಲಿ ಅಂತ ಅವಳ ಮೈ ಯಾಕೆ ಬೇಕು? ಅವಳ ಕಥೆ ಎಲ್ಲಿ? ಕ್ಯಾಪ್ಟನ್ ಹೆಂಗಸರನ್ನು ನೋಡುವ ಕಣ್ಣು ಮೊದಲಿನಿಂದಲೂ ಕೆಟ್ಟದ್ದು. ಅದು ಬೇಕಂತಲೇ ಹಾಗೆ ಬರೆದದ್ದು ಅಂತ ನನಗೆ ಅರ್ಥವಾಗುತ್ತದೆ. ಆದರೂ 300 ಪುಟ ದಾಟುವವರೆಗೆ ಅವನ ಕಣ್ಣಿನಲ್ಲೇ ನೋಡುತ್ತಾ ಇರಬೇಕು. ಬಿಟ್ಟವರನ್ನು ನಾನು ದೂರುವುದಿಲ್ಲ.

ಕೊನೆಯ ಒಗಟು ಒಂದು ಶಬ್ದದ್ದು. ಸ್ವಾತಂತ್ರ್ಯಕ್ಕಿಂತ ಬೆಲೆಯುಳ್ಳದ್ದು ಯಾವುದೂ ಇಲ್ಲ ಅನ್ನುವ ಹೋ ಚಿ ಮಿನ್ ಘೋಷಣೆಯನ್ನು ಲೇಖಕರು ತಿರುಗಿಸುತ್ತಾರೆ. ಆ ‘ಯಾವುದೂ ಇಲ್ಲ’ ಅನ್ನುವುದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅನ್ನುವ ಹಾಗೆ. ಇದು ಬರೀ ಮಾತಿನ ಆಟ ಅಂತ ಬಹಳ ಜನಕ್ಕೆ ಅನ್ನಿಸಿತು. ನಮ್ಮಲ್ಲಿ ಇದು ಸಲೀಸಾಗಿ ಅರ್ಥವಾದದ್ದು ದಿನಾ ಅಲ್ಲಮನನ್ನು ಓದುವ ಒಬ್ಬ ಆಂಟಿಗೆ. “ಬಯಲು ಅಂದ್ರೆ ಖಾಲಿ ಅಂತ ಅಲ್ಲ ಅಲ್ವಾ” ಅಂದು ಸುಮ್ಮನಾದರು. ನಾನು ಇನ್ನೂ ಯೋಚಿಸುತ್ತಿದ್ದೇನೆ.

ನನ್ನದು ಪಿರಿಯಾಪಟ್ಟಣ. ಬೈಲಕುಪ್ಪೆ ಪಕ್ಕದಲ್ಲೇ. 1960ರ ದಶಕದ ಶುರುವಿನಲ್ಲೇ ಟಿಬೆಟನ್ನರು ಬಂದು ಕಾಡು ಕಡಿದು ಊರು ಕಟ್ಟಿದ ಜಾಗ. ಚಿಕ್ಕಂದಿನಲ್ಲಿ ಅವರು ನಮಗೆ ಸ್ವೆಟರ್, ಅಗರಬತ್ತಿ, ಚಿನ್ನದ ಬಣ್ಣದ ದೇವಸ್ಥಾನ. ತುಂಬಾ ಸಾಧು ಜನ ಅಂತ ಮನೆಯಲ್ಲಿ ಹೊಗಳುತ್ತಿದ್ದರು. ಅವರಲ್ಲೂ ಬಂದೂಕು ಹಿಡಿದು ಚೀನಾದ ಸೇನೆ ಜೊತೆ ಹೋರಾಡಿದವರು ಇದ್ದರು, ಅವರಿಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತರಬೇತಿ ಕೊಟ್ಟಿತ್ತು, ನೇಪಾಳದ ಮುಸ್ತಾಂಗ್‌ನಿಂದ 1974ರವರೆಗೂ ಹೋರಾಟ ನಡೆದಿತ್ತು ಅಂತ ನನಗೆ ತಿಳಿದದ್ದು ಮೂವತ್ತು ದಾಟಿದ ಮೇಲೆ. ಸಾಧು ಜನ ಅಂದುಬಿಟ್ಟರೆ ಮುಂದೆ ಏನೂ ಕೇಳಬೇಕಾಗಿಲ್ಲ. ಅದನ್ನು ಈಗ ನೆನೆದರೆ ಸಂಕಟವಾಗುತ್ತದೆ.

ಭಾನುವಾರ ಬೆಳಿಗ್ಗೆ ಅಜ್ಜ ಬೇಲಿ ಹತ್ತಿರ ಮೆಣಸಿನ ಗಿಡಕ್ಕೆ ನೀರು ಹಾಕುತ್ತಿದ್ದರು. ತಾವಾಗಿಯೇ ಕೇಳಿದರು, ಆ ಗೂಢಚಾರ ಕೊನೆಗೆ ಏನಾದ ಅಂತ. ಗೆಳೆಯನ ಜೊತೆ ದೋಣಿ ಹತ್ತುತ್ತಾನೆ ಅಂದೆ. ಅವರು ನೀರಿನ ಪೈಪು ಕೆಳಗಿಟ್ಟರು. ಎಷ್ಟು ಅಡಿ ದೋಣಿ, ಎಂಜಿನ್ ಯಾವುದು, ಯಾವ ತಿಂಗಳು ಹೊರಟದ್ದು ಅಂತ ಕೇಳುತ್ತಾ ಹೋದರು. ನನಗೆ ಒಂದೂ ನೆನಪಿರಲಿಲ್ಲ. ಒಳಗೆ ಹೋಗಿ ಪುಸ್ತಕ ತಂದೆ. ಅವರಿಗೆ ಇಂಗ್ಲಿಷ್ ಓದುವುದು ಕಷ್ಟ. ಕೊನೆಯ ಎರಡು ಪುಟ ನಿಂತಲ್ಲೇ ನಿಧಾನವಾಗಿ ಓದಿ ಹೇಳಿದೆ. ತಿಂಗಳು ಯಾವುದು ಅಂತ ಮಾತ್ರ ಮತ್ತೆ ಕೇಳಿದರು. ಮಳೆಗಾಲದಲ್ಲಿ ಆ ಸಮುದ್ರಕ್ಕೆ ಇಳಿಯಬಾರದು ಅಂದರು.

ಪುಸ್ತಕ ಈಗ ಅವರ ಮಗಳ ಹತ್ತಿರ ಇದೆ. ವಾಪಸ್ ಬಂದ ಮೇಲೆ ಇಲ್ಲಿ ಹತ್ತಿರದಲ್ಲಿರುವ ಯಾರಿಗಾದರೂ ಬೇಕಿದ್ದರೆ ಹೇಳಿ. ಓದಿ ಅರ್ಧಕ್ಕೆ ಬಿಟ್ಟವರಿದ್ದರೆ, ಯಾವ ಜಾಗದಲ್ಲಿ ಬಿಟ್ಟಿರಿ ಅಂತ ದಯವಿಟ್ಟು ಬರೆಯಿರಿ. ನನಗೆ ನಿಜವಾಗಿಯೂ ತಿಳಿಯಬೇಕಾಗಿದೆ.